ತೆಪ್ಪಕ್ಕೆ ಹಿಂಭಾಗ ಯಾವುದು?

ಕೊಳ್ಳುವುದಕ್ಕಿಂತ ಹೋಲಿಸುವುದರಲ್ಲೇ ಸುಖ ಹೆಚ್ಚು ಎಂದು ನಂಬಿದವನು ನಾನು. ಚಪ್ಪಲಿಗೆಂದು ಅರಸೀಕೆರೆಯ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಹಳೆಯದಕ್ಕೇ ಹೊಲಿಗೆ ಹಾಕಿಸಿಕೊಂಡು ಬರುವ ಪೈಕಿ. ಇಂಥವನ ಕಣ್ಣಿಗೆ ಮೀನು ಹುಡುಕುವ ಯಂತ್ರ ಬಿತ್ತು. ನೀರೊಳಗೆ ಶಬ್ದ ಬಿಟ್ಟು, ಅದು ತಿರುಗಿ ಬರುವುದನ್ನು ಕೇಳಿ, ಮೀನು ಎಲ್ಲಿದೆಯೆಂದು ಪರದೆಯ ಮೇಲೆ ತೋರಿಸುತ್ತದಂತೆ.

ಬೇಕಾಗಿದ್ದಕ್ಕೆ ಕಾರಣವಿತ್ತು. ಮಗಳ ಮದುವೆಯ ಬೀಗರೂಟ ಭಾನುವಾರ ನಮ್ಮ ಮನೆಯಲ್ಲಿ. ಹಳೇಬೀಡು ಕೆರೆಯ ಮೀನಿನ ಗುತ್ತಿಗೆಯಲ್ಲಿ ನನ್ನ ಭಾವಮೈದ ಮಂಜನಿಗೆ ಪಾಲಿದೆ. ಆ ಧೈರ್ಯದಲ್ಲಿ "ಕೆರೆ ಮೀನೇ ಬಡಿಸ್ತೀನಿ" ಎಂದು ಬೀಗರಿಗೆ ಎಲ್ಲರೆದುರು ಮಾತು ಕೊಟ್ಟಿದ್ದೆ. ನಾನು ಸುಮ್ಮನಿದ್ದಿದ್ದರೆ ಮಂಜ ಎಂದಿನಂತೆ ಬಲೆ ಬೀಸಿ ತಂದುಕೊಡುತ್ತಿದ್ದ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಇಂಥ ಯಂತ್ರಗಳಲ್ಲಿ ಒಂದರ ಪರದೆ ದೊಡ್ಡದು, ಇನ್ನೊಂದರ ಬ್ಯಾಟರಿ ಗಟ್ಟಿ, ಮತ್ತೊಂದು ಸಮುದ್ರದ ತಳದವರೆಗೂ ನೋಡುತ್ತದೆ. ಬೇಸಿಗೆಯಲ್ಲಿ ಎಮ್ಮೆ ನಡೆದಾಡುವ ಕೆರೆಗೆ ನಾನು ಸಮುದ್ರದ್ದನ್ನೇ ಆರಿಸಿದೆ. ಹೆಂಡತಿ ಸಾವಿತ್ರಿಯದು ಒಂದೇ ಪ್ರಶ್ನೆ: "ಯಂತ್ರ ಯಾವ್ದಾದ್ರೂ ಆಗ್ಲಿ ಕಣ್ರೀ, ಮಸಾಲೆ ಮೀನಿಗೆ ಅರೀಲೋ, ಕೋಳಿಗೆ ಅರೀಲೋ?"

"ಮೀನಿಗೆ!" ಎಂದೆ.

ಶನಿವಾರ ಬೆಳಿಗ್ಗೆ ನಾನೂ ಮಂಜನೂ ತೆಪ್ಪ ಹತ್ತಿದೆವು. ಯಂತ್ರವನ್ನು ದೋಣಿಯ ಹಿಂಭಾಗಕ್ಕೆ ಬಿಗಿಯಬೇಕೆಂದು ಅದರ ಡಬ್ಬದ ಮೇಲೆ ಬರೆದಿತ್ತು. ನಮ್ಮ ತೆಪ್ಪವೋ ದುಂಡನೆಯ ಬುಟ್ಟಿ.

"ಹಿಂದ್ಗಡೆ ಅಂದ್ರೆ ಯಾವ್ ಕಡೆ ಭಾವ?" ಎಂದ ಮಂಜ.

"ನಾನು ಕೂತಿರೋ ಕಡೆ" ಎಂದೆ.

ಯಂತ್ರ ಕೀಂಯ್ ಎಂದಿತು, ಪರದೆಯ ತುಂಬ ಮೀನು. "ಇಲ್ಲಿ ಹಾಕೋ!" ಎಂದು ಅರಚಿದೆ. ಮಂಜ ಬಲೆ ಎತ್ತಿ ತಿರುಗಿದ. ಅವನ ಜೊತೆ ತೆಪ್ಪವೂ ತಿರುಗಿತು. ನನ್ನ ಹಿಂಭಾಗ ಬೇಲೂರಿನ ದಿಕ್ಕಿಗೆ, ಬಲೆ ಜಾವಗಲ್ಲಿನ ದಿಕ್ಕಿಗೆ. ಬಿಸಿಲೇರುವವರೆಗೂ ಹೀಗೇ ಗಿರಕಿ ಹೊಡೆದೆವು.

"ಸುಮ್ಕಿರಿ ಭಾವ, ನೀವು ಕೂಗೋದ್ ಕೇಳೇ ಮೀನೆಲ್ಲ ಬಸ್ತಿಹಳ್ಳಿ ಕಡೀಕ್ ಹೋದ್ವು" ಎಂದು ಮಂಜ ಬಲೆ ಮಡಿಸಿದ.

ಬರಿಗೈಯಲ್ಲಿ ಮನೆಗೆ ಬಂದರೆ ಹಿತ್ತಲಲ್ಲಿ ಆಗಲೇ ತರಿಸಿ ಕಟ್ಟಿದ್ದ ನಾಟಿಕೋಳಿಗಳು ಕೊಕ್ಕೊಕ್ಕೋ ಎನ್ನುತ್ತಿದ್ದವು. ಸಾವಿತ್ರಿ ನನ್ನ ಮಾತಿಗಿಂತ ನನ್ನನ್ನು ಹೆಚ್ಚು ಬಲ್ಲವಳು. ಜೀವ ಬಂದಂತಾಯಿತು, ನಾಚಿಕೆಯೂ ಆಯಿತು.

ಭಾನುವಾರ ಬೀಗರು ಬಂದು ಕೂರುತ್ತಲೇ, "ಎಲ್ಲಿ ಬೀಗರೇ, ಕೆರೆ ಮೀನು?" ಎಂದರು. ನಾನು ಮರ್ಯಾದೆ ಉಳಿಸಿಕೊಳ್ಳಲು ಯಂತ್ರ ತಂದು, ಅದರಲ್ಲಿ ಉಳಿದಿದ್ದ ನಿನ್ನೆಯ ಚಿತ್ರ ತೋರಿಸಿದೆ. "ನೋಡಿ, ಎಷ್ಟೊಂದಿವೆ!" ಬೀಗರು ಕನ್ನಡಕ ಏರಿಸಿ ಬಗ್ಗಿದರು. ನಾನು ಬೇರೆ ಯಂತ್ರಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಶುರುಮಾಡಿದೆ.

ಅಡುಗೆಮನೆಯಿಂದ ಸಾವಿತ್ರಿಯ ದನಿ ಬಂತು: "ಮೊದ್ಲು ಎಲೆ ಮುಂದೆ ಕೂತ್ಕೊಳ್ಳಿ. ಕೋಳಿ ಸಾರು ಆರೋಗ್ತೈತೆ. ನಿಮ್ ಮೀನೇನೂ ಆರಲ್ಲ!"