ನೀರ ಬಂದ್ವು

ಕಣ್ಣಾರೆ ಕಾಣದ ಸುದ್ದಿಯನ್ನು ಇನ್ನು ಮುಂದೆ ತಾನೂ ಹಾಕುವುದಿಲ್ಲ, ಇನ್ನೊಬ್ಬರಿಗೂ ಹಾಕಗೊಡುವುದಿಲ್ಲ ಎಂದು ಬೆಟಗೇರಿಯ ಹುಣಸಿಗಿಡದ ಓಣಿಯ ಸುಶ್ಮಿತಾ ಘೋರ ಪ್ರತಿಜ್ಞೆ ಮಾಡಿದಳು. ಪುರಾಣದಲ್ಲಾಗಿದ್ದರೆ ಆ ಹೊತ್ತಿಗೆ ಆಕಾಶದಿಂದ ಹೂ ಉದುರಬೇಕಿತ್ತು. ವಾಟ್ಸಾಪಿನಲ್ಲಾದ್ದರಿಂದ ಹೆಬ್ಬೆರಳುಗಳು ಉದುರಿದವು!

ಓಣಿಯ ಹೆಣ್ಣುಮಕ್ಕಳ ಆ ಗ್ರೂಪಿನ ಹೆಸರು 'ಹುಣಸಿಗಿಡದ ಗೆಳತ್ಯಾರು'. ಅಡ್ಮಿನ್ ಸುಶ್ಮಿತಾ. ಬೆಳಿಗ್ಗೆ ದೇವರ ಫೋಟೊಗಳಿಂದ ಶುರುವಾದರೆ ಬಂಗಾರದ ದರ, ಮುಂಡರಗಿ ಬಸ್ಸಿನಲ್ಲಿ ಸೀಟು ಸಿಗದ ಸಂಕಟ, ಯಾರದೋ ಮನೆಯ ಎಣಗಾಯಿ, ದಿಲ್ಲಿಯ ರಾಜಕೀಯ, ಕೂಸಿನ ಹೊಟ್ಟೆನೋವಿಗೆ ಓಂಕಾಳು ಎಷ್ಟು ಹಾಕಬೇಕು ಎಂಬಲ್ಲಿಯವರೆಗೆ ಲೋಕದ ವ್ಯವಹಾರವೆಲ್ಲ ಅಲ್ಲಿ ಒಂದೇ ತಪ್ಪಲೆಯಲ್ಲಿ ಕುದಿಯುತ್ತಿತ್ತು. ಹೋದ ತಿಂಗಳು ಅದೇ ತಪ್ಪಲೆಗೆ ಯಾರೋ "ನಾಳೆಯಿಂದ ಉಪ್ಪು ಸಿಗೂದಿಲ್ಲ" ಎಂಬ ಸುದ್ದಿಯನ್ನು ಸುರಿದಿದ್ದರು. ಸುಶ್ಮಿತಾ ಗಂಡ ವೀರುನನ್ನು ಊಟದ ತಾಟಿನಿಂದ ಎಬ್ಬಿಸಿ ಅಂಗಡಿಗೆ ಓಡಿಸಿದ್ದಳು. ಅವನು ಮೂಟೆಯನ್ನೇ ಹೊತ್ತು ತಂದ. ಮರುದಿನವೂ ಉಪ್ಪು ಸಿಕ್ಕಿತು, ಅದರ ಮರುದಿನವೂ ಸಿಕ್ಕಿತು. ಈಗ ಅವರ ಮನೆಯಲ್ಲಿರುವ ಉಪ್ಪಿನಿಂದ ಇಡೀ ಬೆಟಗೇರಿಗೆ ಉಪ್ಪಿನಕಾಯಿ ಹಾಕಬಹುದು.

ಪ್ರತಿಜ್ಞೆ ಹುಟ್ಟಿದ್ದು ಆ ಉಪ್ಪಿನಿಂದ. ಅಂದಿನಿಂದ ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಸುಶ್ಮಿತಾ ಫೋನು ಮಾಡಿ, ನೀವು ನೋಡೀರೇನ್ರಿ, ಯಾರು ಹೇಳಿದ್ರು, ಅವರಿಗೆ ಯಾರು ಹೇಳಿದ್ರು ಎಂದು ಬುಡದವರೆಗೆ ಅಗೆಯತೊಡಗಿದಳು. ನಾಲ್ಕು ಸುದ್ದಿಗಳು ಅವಳ ಕೈಯಲ್ಲಿ ಪ್ರಾಣ ಬಿಟ್ಟವು. ಮೆಲ್ಲಗೆ ಓಣಿಯಲ್ಲಿ ಒಂದು ಮಾತು ಬೇರೂರಿತು: ಸುಶ್ಮಿತಾ ಹಾಕ್ಯಾಳಂದ್ರ ಅದು ಖರೆ. ಅವಳೂ ಈ ಮಾತನ್ನು ಕೇಳಿದ್ದಳು. ಕೇಳಿದ ದಿನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದಳು, ಆದರೂ ಚಹಾ ಸಿಹಿಯಾಗಿಯೇ ಇತ್ತು.

ಇಂಥ ವೈಭವದ ದಿನಗಳಲ್ಲೇ ನಾದಿನಿ ಸೀಮಾಳನ್ನು ನೋಡಲು ಲಕ್ಷ್ಮೇಶ್ವರದಿಂದ ಬೀಗರಾಗುವವರು ಬರುವುದು ಗೊತ್ತಾಯಿತು. ಕಾಳುಕಡಿಯ ವ್ಯಾಪಾರದ ಮನೆತನ, ತೂಕದ ಜನ. ಹುಡುಗನ ಫೋಟೊ ನೋಡಿದ ದಿನದಿಂದ ಸೀಮಾ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗಿತ್ತು. ಎಲ್ಲ ತಯಾರಿಯೂ ಆಗಿತ್ತು, ನೀರೊಂದನ್ನು ಬಿಟ್ಟು. ನಳದಲ್ಲಿ ನೀರು ಬಂದು ಎರಡು ವಾರ ದಾಟಿತ್ತು. ಮನೆಯಲ್ಲಿ ಉಳಿದದ್ದು ಒಂದು ಬ್ಯಾರಲ್ ನೀರು. ಸುಶ್ಮಿತಾ ಅದನ್ನು ನಿಧಿ ಕಾಯುವ ಸರ್ಪದಂತೆ ಕಾಯುತ್ತಿದ್ದಳು. ಮೂರು ವರ್ಷದ ಮಗಳು ಮಾಯಾಳಿಗೆ ಎರಡೇ ತಂಬಿಗೆಯಲ್ಲಿ ಮೈ ತೊಳೆದಾಗ ಕೂಸು ಇದೇನೋ ಹೊಸ ಆಟವೆಂದು ಕೇಕೆ ಹಾಕಿ ನಕ್ಕಿತು. ತಾಯಿಯ ಕರುಳು ಚುರ್ರೆಂದಿತು. ಚುರ್ರೆನ್ನುತ್ತಲೇ, ಕೂಸಿನ ಮೈಯಿಂದ ಇಳಿದ ನೀರನ್ನು ಬೋಗುಣಿಯಲ್ಲಿ ಹಿಡಿದು ಅಂಗಳ ಒರೆಸಲು ಎತ್ತಿಟ್ಟಳು.

ಬೀಗರು ಬರುವ ಹಿಂದಿನ ದಿನ, ಮಧ್ಯಾಹ್ನ. ಅಡುಗೆಮನೆಯಲ್ಲಿ ಅತ್ತೆ ನೀಲಗಂಗವ್ವ ಹೋಳಿಗೆಗೆ ಶೇಂಗಾ ಹುರಿಯುತ್ತಿದ್ದರು. ಸುಶ್ಮಿತಾ ಒಂದು ಕೈಯಲ್ಲಿ ಮಾಯಾಳಿಗೆ ಅನ್ನ ತಿನ್ನಿಸುತ್ತ ಇನ್ನೊಂದು ಕೈಯಲ್ಲಿ ಫೋನು ತೆರೆದಳು. ಗ್ರೂಪಿನಲ್ಲಿ ಪಕ್ಕದ ಮನೆಯ ಅಖ್ತರಿ ಆಗಷ್ಟೇ ಕರಿದ ಮಿರ್ಚಿ ಭಜಿಯ ಫೋಟೊ ಹಾಕಿದ್ದಳು. ಕೆಂಪಗೆ, ಗರಿಗರಿಯಾಗಿ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ ಉದುರಿಸಿಕೊಂಡು ಮಲಗಿದ್ದ ಆ ಮಿರ್ಚಿಗಳನ್ನು ನೋಡಿದ್ದೇ ಬೆಳಗಿನಿಂದ ಉಪವಾಸವಿದ್ದ ಸುಶ್ಮಿತಾಳ ಬಾಯಿ ಹೊಳೆಯಾಯಿತು. ಎಡಗೈಯ ಹೆಬ್ಬೆರಳಿನಿಂದ ಕಷ್ಟಪಟ್ಟು ಎರಡೇ ಎರಡು ಪದ ಒತ್ತಿದಳು: "ನೀರ ಬಂದ್ವು". 'ಬಾಯಾಗ' ಎಂದು ಸೇರಿಸಬೇಕೆನ್ನುವಷ್ಟರಲ್ಲಿ ಮಾಯಾ ಅನ್ನ ಉಗುಳಿದಳು. ಸುಶ್ಮಿತಾ ಕಳಿಸಿಬಿಟ್ಟಳು. ಫೋನಿನ ಜೀವವೂ ಅಲ್ಲಿಗೆ ಮುಗಿಯಿತು. ಅದನ್ನು ಚಾರ್ಜಿಗೆ ಸಿಕ್ಕಿಸಿ ಕೂಸಿನ ಬಾಯಿ ಒರೆಸಲು ಹೋದಳು.

ಅವಳು ಒಂದು ಕೈಯಲ್ಲಿ ಅಕ್ಷರ ಹುಡುಕುತ್ತಿದ್ದಾಗ ಎದುರುಮನೆಯ ಮಂಜವ್ವ ಸೊಸೆಯ ಫೋನಿನಿಂದ ಗ್ರೂಪಿಗೆ ಒಂದು ಧ್ವನಿ ಸಂದೇಶ ಕಳಿಸಿದ್ದಳು: "ಯಾರರೆ ಹೇಳ್ರವಾ, ನಳದಾಗ ನೀರು ಯಾವಾಗ ಬರ್ತಾವು?" ಮೇಲೆ ಮಂಜವ್ವನ ಪ್ರಶ್ನೆ. ಅದರ ಕೆಳಗೆ, ತಾಳಿ ಕಟ್ಟಿದಷ್ಟು ಒತ್ತಾಗಿ, ಸುಶ್ಮಿತಾಳ ಉತ್ತರ: ನೀರ ಬಂದ್ವು. ಮಿರ್ಚಿ ಎಲ್ಲೋ ಮೇಲೆ ಉಳಿದುಹೋಗಿತ್ತು.

ಆ ಓಣಿಯಲ್ಲಿ ನೀರು ಯಾರ ನಳಕ್ಕೆ ಮೊದಲು ಬರುತ್ತದೆ ಎಂದು ಹೇಳಲು ಬ್ರಹ್ಮನಿಂದಲೂ ಆಗದು. ಒಬ್ಬರಿಗೆ ಬಂದು ಅರ್ಧ ತಾಸಿಗೆ ಇನ್ನೊಬ್ಬರಿಗೆ ಬರುತ್ತದೆ, ಬಂದದ್ದು ಬಹಳ ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಖಬರು ಸಿಕ್ಕ ಕೂಡಲೇ ಹಳೆಯ ನೀರನ್ನೆಲ್ಲ ಚೆಲ್ಲಿ, ಬ್ಯಾರಲ್ ತಿಕ್ಕಿ ತೊಳೆದು, ಬೋರಲು ಹಾಕಿ, ನಳದ ಮುಂದೆ ಕೊಡ ಹಿಡಿದು ಕೂಡುವುದು ಅಲ್ಲಿಯ ರಿವಾಜು. ಹಳೆ ನೀರಿನ ಮೇಲೆ ಹೊಸ ನೀರು ತುಂಬುವ ಮನೆಯವರನ್ನು ಓಣಿ ಹೊಲಸರೆಂದು ಕರೆಯುತ್ತದೆ.

ಹೊಲಸರೆನ್ನಿಸಿಕೊಳ್ಳಲು ಆ ದಿನ ಯಾರೂ ತಯಾರಿರಲಿಲ್ಲ. ಗಡಿಗೆಗಳು ಬೋರಲಾದವು. ಹಂಡೆಗಳು ಉರುಳಿದವು. ಅಖ್ತರಿ ಮಿರ್ಚಿಯ ಬಾಣಲೆ ಇಳಿಸಿ ಬ್ಯಾರಲಿಗೆ ಕೈ ಹಾಕಿದಳು. ಹುಣಸಿಗಿಡದ ಓಣಿಯ ಗಟಾರದಲ್ಲಿ ತುಂಗಭದ್ರೆ ಹರಿದಳು!

ಆ ಭೋರ್ಗರೆತ ಕೇಳಿ ಸುಶ್ಮಿತಾ ಹೊರಗೆ ಬಂದಳು. ಎದುರು ಕಟ್ಟೆಯ ಮೇಲೆ ಮಂಜವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬ್ಯಾರಲನ್ನು ಹಸುಗೂಸಿನಂತೆ ತೊಳೆಯುತ್ತಿದ್ದಳು.

"ಮಂಜವ್ವಾ, ನೀರ ಬಂದ್ವೇನ?"

"ಬಂದಾವಂತವಾ. ಗ್ರೂಪಿನ್ಯಾಗ ಹಾಕ್ಯಾರಂತ."

"ಯಾರು ಹಾಕ್ಯಾರ?"

"ಯಾರೋ ಏನೋ. ಸೊಸಿ ಒಳಗಿಂದ ಒದರಿದ್ಲು, ನಾ ಬ್ಯಾರಲ್ ಕೆಡವಿದೆ."

ಗ್ರೂಪಿನ ಮಾತನ್ನು ಹಾಗೆಯೇ ನುಂಗುವ ಪೈಕಿಯವಳಲ್ಲ ಸುಶ್ಮಿತಾ. ಕೆಳಗಿಳಿದು ಗಟಾರದ ಹತ್ತಿರ ಹೋದಳು. ನೀರು ದಡ ಮುಟ್ಟಿ ಹರಿಯುತ್ತಿತ್ತು. ಬಾಗಿ ಬೆರಳು ಅದ್ದಿದಳು. ತಣ್ಣಗಿತ್ತು. ಕಣ್ಣಾರೆ ಕಂಡದ್ದಾಯಿತು, ಕೈಯಾರೆ ಮುಟ್ಟಿದ್ದಾಯಿತು, ಇನ್ನು ಬೇರೆ ಸಾಕ್ಷಿ ಯಾಕೆ ಬೇಕು? ಬೀಗರು ಬರುವ ಮುನ್ನಾದಿನವೇ ಗಂಗಾಮಾತೆ ಒಲಿದಳೆಂದು ಕೈ ಮುಗಿದು, ಒಳಗೋಡಿ ತನ್ನ ಬ್ಯಾರಲಿನ ಕಂಠಕ್ಕೆ ಕೈ ಹಾಕಿದಳು.

ನೀಲಗಂಗವ್ವ ಶೇಂಗಾ ಹುರಿಯುವ ಹುಟ್ಟು ಹಿಡಿದೇ ಬಾಗಿಲಿಗೆ ಬಂದರು. "ನಳ ಒಮ್ಮೆ ತಿರುವಿ ನೋಡವಾ ಮೊದಲ."

"ಅತ್ತೀ, ನಾ ಎಲ್ಲಾ ತಪಾಸ ಮಾಡೇನ್ರಿ."

ತಪಾಸಣೆಯ ವಿಷಯದಲ್ಲಿ ಸೊಸೆಗಿರುವ ಹೆಸರು ಅತ್ತೆಗೂ ಗೊತ್ತಿತ್ತು. ಮತ್ತೆ ಶೇಂಗಾದ ಕಡೆ ತಿರುಗಿದರು. ಸರ್ಪ ತಾನೇ ನಿಧಿಯನ್ನು ಹೊರಗೆ ಉರುಳಿಸಿತು. ಸುಶ್ಮಿತಾ ತೆಂಗಿನ ನಾರಿಗೆ ಧಾರಾಳವಾಗಿ ಉಪ್ಪು ಹಚ್ಚಿ, ಮುಖ ಕಾಣುವ ಹಾಗೆ ಬ್ಯಾರಲ್ ತಿಕ್ಕಿದಳು. ಆಮೇಲೆ ಕೊಡ ಇಟ್ಟು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಳ ತಿರುವಿ ಕಾಯತೊಡಗಿದಳು.

ನಳ ಕೆಮ್ಮಿತು. ಸುಯ್ ಎಂದು ನಿಟ್ಟುಸಿರುಬಿಟ್ಟಿತು. ಬಹಳ ಹೊತ್ತಿನ ಮೇಲೆ ಒಂದು ಜಿರಲೆ ಹೊರಬಂದು ಕೊಡದೊಳಗೆ ಬಿತ್ತು. ಅದೂ ಬಾಯಾರಿದಂತೆ ಕಾಣುತ್ತಿತ್ತು.

ಗಟಾರ ಒಣಗತೊಡಗಿದಾಗ ಓಣಿಯ ಹೆಂಗಸರೆಲ್ಲ ಖಾಲಿ ಕೊಡಗಳೊಂದಿಗೆ ಕಟ್ಟೆಯ ಮೇಲೆ ಕೂಡಿದರು. ನೀರು ಬಿಡುವ ಮೌಲಾಸಾಬನಿಗೆ ಅಖ್ತರಿ ಫೋನು ಮಾಡಿದಳು. ವಾಲ್ ತಿರುವುವ ಕೀಲಿ ತನ್ನ ಮನೆಯ ಗೋಡೆಗೆ ನೇತಾಡುತ್ತಿದೆ, ತಾನು ಅದರ ಕೆಳಗೇ ಮಲಗಿದ್ದೇನೆ, ನಿಮ್ಮ ಓಣಿಯ ಪಾಳಿ ಇನ್ನೂ ನಾಡಿದ್ದು ಎಂದು ಅವನು ಹೇಳಿದ. ಸುಶ್ಮಿತಾಳ ಮೈಯಲ್ಲಿ ಅಡ್ಮಿನ್ ಅವತರಿಸಿದಳು.

"ನೋಡಲಾರದ ಸುದ್ದಿ ಹಾಕಬ್ಯಾಡ್ರಿ ಅಂತ ಬಡ್ಕೊಂಡೀನಿ. ಯಾರು ಹಾಕ್ಯಾರೋ ಅವರನ್ನ ಈಗಿಂದೀಗ ಗ್ರೂಪಿನಿಂದ ತಗೀತೀನಿ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕೊನೆಗೆ ಅಖ್ತರಿ, ಜ್ವರದ ಕೂಸಿಗೆ ಔಷಧ ಕುಡಿಸುವ ದನಿಯಲ್ಲಿ, "ಸುಶ್ಮಿತಕ್ಕಾ, ಒಮ್ಮೆ ನಿಮ್ಮ ಫೋನ್ ತಂದು ನೋಡ್ರಿ" ಎಂದಳು.

ತಂದಳು. ನೋಡಿದಳು. ಮಂಜವ್ವನ ಪ್ರಶ್ನೆ, ತನ್ನ ಎರಡು ಪದ, ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. "ಸುಶ್ಮಿತಾ ಹೇಳ್ಯಾಳಂದ್ರ ಮುಗೀತು" ಎಂದು ಮೂರು ಜನ ಬರೆದಿದ್ದರು. ಕಾಲ ಕೆಳಗಿನ ನೆಲ ಕುಸಿದಿದ್ದರೆ ಎಷ್ಟು ಚೆನ್ನಾಗಿತ್ತು, ಕೆಳಗೆ ನೀರಾದರೂ ಸಿಗುತ್ತಿತ್ತು!

"ಅದು... ಅದನ್ನ ಅಖ್ತರಿ ಮಿರ್ಚಿಗೆ ಹಾಕಿದ್ದೆ."

"ಮಿರ್ಚಿಗೆ ಯಾಕವಾ ನೀರು?" ಎಂದಳು ಮಂಜವ್ವ.

"ಬಾಯಾಗ ಬಂದಿದ್ವು."

ಮಂಜವ್ವ ತನ್ನ ಥಳಥಳಿಸುವ ಬ್ಯಾರಲಿನೊಳಗೆ ಒಮ್ಮೆ ಇಣುಕಿ ನೋಡಿದಳು. "ಚಲೋ ಆತು ಬಿಡು. ನಿನ್ನ ಬಾಯಾಗ ಬಂದ ನೀರಿಗೆ ನಮ್ಮ ಮನ್ಯಾಗಿದ್ದ ನೀರು ಹೋದ್ವು."

ಮನೆಯೊಳಗೆ ಬಂದರೆ ಅಲ್ಲಿ ಇನ್ನೊಂದು ನ್ಯಾಯಪೀಠ. ನೀಲಗಂಗವ್ವ ಬೈಯಲಿಲ್ಲ, ಅದೇ ದೊಡ್ಡ ಶಿಕ್ಷೆ. ನಾಳೆ ಬೀಗರು ಹೊಸ್ತಿಲ ಮುಂದೆ ಬಂದು ನಿಂತಾಗ ಕೈಕಾಲಿಗೆ ಏನು ಕೊಡುವುದೆಂದು ಗೋಡೆಯನ್ನು ಕೇಳಿದರು. ಬರಬೇಡಿ ಎಂದು ಫೋನು ಮಾಡುವ ಹಾಗೂ ಇರಲಿಲ್ಲ. ಕಾರಣ ಕೇಳಿದರೆ ಹೇಳುವುದೇನು? ನೀರಿಗೂ ಗತಿಯಿಲ್ಲದ ಮನಿ ಎಂಬ ಮಾತು ಒಮ್ಮೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಬಿದ್ದರೆ ಮತ್ತೆ ಅದನ್ನು ಎತ್ತಲಾದೀತೇ? ಸೀಮಾ ಇಸ್ತ್ರಿ ಮಾಡಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣು ತುಂಬಿದ್ದವು.

"ಎಲ್ಲಾ ನೀರಾಗ ಹೋಮ ಆತು ಅಂತಾರಲ್ಲ ವೈನಿ, ನಮ್ಮನ್ಯಾಗ ಅದಕ್ಕೂ ನೀರಿಲ್ಲ."

ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಸುಶ್ಮಿತಾ ಎರಡನ್ನೂ ಮಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಇಳಿದಳು. ವೀರುನ ಗಾಡಿಯ ಹಿಂದೆ ಕೂತು ಕುಡಿಯುವ ನೀರು ಮಾರುವ ಅಂಗಡಿಗೆ ಹೋದಳು. ಹುಣಸಿಗಿಡದ ಓಣಿಯವರು ಆಗಲೇ ಅಂಗಡಿಯನ್ನು ಬರಿದು ಮಾಡಿದ್ದರು. ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಟ್ಯಾಂಕರಿನವನು ನಾಳೆ ಮಧ್ಯಾಹ್ನದ ಮೇಲೆ ಎಂದ. ಮನೆಯ ಮುಂದೆ ಗಾಡಿ ನಿಲ್ಲಿಸಿ ವೀರು, "ಊರ ಸುದ್ದಿನೆಲ್ಲಾ ತಪಾಸ ಮಾಡಿದಿ, ನಿಂದೊಂದು ಉಳಿದಿತ್ತು" ಎಂದ.

ಒಂದು ಕ್ಯಾನಿನಲ್ಲಿ ಅಡುಗೆ, ಚಹಾ, ಕುಡಿಯುವುದು, ಕೈಕಾಲು ತೊಳೆಯುವುದು. ಬೆಳಿಗ್ಗೆ ಎದ್ದು ಸುಶ್ಮಿತಾ ಅದನ್ನು ತೀರ್ಥದಂತೆ ಪಾಲು ಮಾಡಿದಳು. ಅನ್ನದ ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆಯ ನೀರು ಅಂಗಳಕ್ಕೆ. ಮಾಯಾಳ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೌಡರ್ ಹಚ್ಚಿದಳು. ತಾನು ಹೊರಗೆ ಬರುವುದಿಲ್ಲ, ಅಡುಗೆಮನೆಯಲ್ಲೇ ಇರುತ್ತೇನೆ ಎಂದು ಮೊದಲೇ ಹೇಳಿಬಿಟ್ಟಳು. ಹೊಸ್ತಿಲಿಗೆ ಎರಡು ತಂಬಿಗೆ ಇಟ್ಟು ವೀರುನನ್ನು ನಿಲ್ಲಿಸಿದರು.

ಹತ್ತು ಗಂಟೆಯ ಸುಮಾರಿಗೆ ಕ್ರೂಸರ್ ಬಂದು ನಿಂತಿತು. ಕನ್ಯಾ ನೋಡಲು ಬರುವವರು ಹಣ್ಣು ತರುತ್ತಾರೆ, ಹೂ ತರುತ್ತಾರೆ. ಈ ಗಾಡಿಯ ಹಿಂಬಾಗಿಲು ತೆರೆದಾಗ ಮೊದಲು ಇಳಿದದ್ದು ನೀಲಿ ಬಣ್ಣದ ನೀರಿನ ಕ್ಯಾನುಗಳು. ಒಂದಾದ ಮೇಲೊಂದು, ಮದುವೆಯ ದಿಬ್ಬಣದಂತೆ! ಅವುಗಳ ಹಿಂದೆ ಹುಡುಗನ ತಾಯಿ ಇಳಿದರು. ವೀರು ಚಾಚಿದ ತಂಬಿಗೆಯನ್ನು ಮೆಲ್ಲಗೆ ಹಿಂದೆ ಸರಿಸಿದರು.

"ಇದನ್ನ ಒಳಗ ಇಡಪಾ, ಬೇಕಾಗ್ತೈತಿ. ನಾವು ಕಾಲಿಗೆ ನಮ್ಮೂರ ನೀರು ತಂದೀವಿ."

ನೀಲಗಂಗವ್ವನ ಮುಖ ಇಷ್ಟಗಲವಾಯಿತು, ಮರುಗಳಿಗೆ ಇಷ್ಟೇ ಆಯಿತು. ಹೇಗೆ ತಿಳಿಯಿತೆಂದು ಕೇಳಬೇಕಾಗಲಿಲ್ಲ. ಮಂಜವ್ವನ ಸೊಸೆ ಮಿರ್ಚಿಯಿಂದ ಖಾಲಿ ಬ್ಯಾರಲಿನವರೆಗಿನ ಕಥೆಯನ್ನೆಲ್ಲ ತವರಿನ ಗ್ರೂಪಿಗೆ ದಾಟಿಸಿದ್ದಳು. ಅಲ್ಲಿಂದ ಶಿರಹಟ್ಟಿಗೆ ಹಾರಿ, ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಇಳಿದು, ಸಂಜೆಯೊಳಗೆ ಹುಡುಗನ ಮನೆಯ ನಾಲ್ಕೂ ಫೋನುಗಳಲ್ಲಿ ಅದು ಕಣ್ಣೀರು ಸುರಿಸಿ ನಗುವ ಮುಖಗಳೊಂದಿಗೆ ಕೂತಿತ್ತು. ದಾರಿಯಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸುಶ್ಮಿತಾ ಇದೆಲ್ಲವನ್ನೂ ಕೇಳಿದಳು. ಇನ್ನು ಸೀಮಾಳ ಗತಿ ಏನು ಎಂದು ಬಾಗಿಲ ಸಂದಿಯಿಂದ ಇಣುಕಿದಳು. ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ನೀಲಗಂಗವ್ವ ಮಗಳನ್ನು ಕರೆತಂದು ಚಾಪೆಯ ಮೇಲೆ ಕೂಡಿಸಿದರು. ಸೀಮಾ ಕಣ್ಣೆತ್ತಲಿಲ್ಲ. ಹುಡುಗನ ತಾಯಿ ಅವಳನ್ನು ಒಮ್ಮೆ ನೋಡಿ ಗಲ್ಲ ಮುಟ್ಟಿ ಮುದ್ದಿಟ್ಟರು. ಆಮೇಲೆ ಕುತ್ತಿಗೆ ಉದ್ದ ಮಾಡಿ ಅಡುಗೆಮನೆಯ ಕಡೆ ನೋಡಿದರು.

"ನೀಲಗಂಗವ್ವಾರ, ಹುಡುಗಿ ನಮಗ ಫೋಟೊದಾಗನ ಪಸಂದ ಆಗ್ಯಾಳ್ರಿ. ಇವತ್ತ ಗಾಡಿ ತುಂಬ ಮಂದಿ ಬಂದಿದ್ದು ಬಾಯಾಗ ನೀರು ಬಂದಾಕಿನ್ನ ನೋಡಾಕ. ಆಕಿನ್ನ ಹೊರಗ ಕರೀರಿ."

ಮದುವೆಯಾಗಿ ಐದು ವರ್ಷವಾಗಿದ್ದ ಸುಶ್ಮಿತಾ ಸೆರಗು ಸರಿಮಾಡಿಕೊಂಡು, ಚಹಾದ ತಾಟು ಹಿಡಿದು, ತಲೆ ತಗ್ಗಿಸಿ, ಬಾಳಿನಲ್ಲಿ ಎರಡನೆಯ ಸಲ ಕನ್ಯಾ ತೋರಿಸಿಕೊಳ್ಳಲು ಪಡಸಾಲೆಗೆ ಬಂದಳು.