ಮಾರ್ಚ್ ತಿಂಗಳ ಗೋಪುರ

ನಮ್ಮ ಚಿಕ್ಕಪ್ಪನಷ್ಟು ಪೊರಕೆಯನ್ನು ಪ್ರೀತಿಸಿದ ಗಂಡಸು ನಮ್ಮ ಸುತ್ತಮುತ್ತ ಇನ್ನೊಬ್ಬ ಹುಟ್ಟಿಲ್ಲ! ಗುಡಿಸುವುದಕ್ಕಲ್ಲ ಮತ್ತೆ, ಬೆಲೆ ಕೇಳುವುದಕ್ಕೆ. ಅವರು ನಮ್ಮೂರ ಪುರಸಭೆಯಲ್ಲಿ ಗುಮಾಸ್ತರು. ಹೊಸಕೋಟೆಗೆ ಮದುವೆಗೆಂದು ಹೋದರೂ ಪಂಕ್ತಿ ಬಿಟ್ಟು ಅಂಗಡಿ ಬೀದಿಗೆ ಓಡಿ, "ಏನಪ್ಪಾ, ನೂರು ಪೊರಕೆ ತಗೊಂಡ್ರೆ ಎಷ್ಟಕ್ಕೆ ಕೊಡ್ತೀಯಾ?" ಎನ್ನುವರು. ಇವರ ಮನೆ ಇನ್ನೆಷ್ಟು ಕೊಳಕಿರಬೇಕೋ ಎಂದು ಅಂಗಡಿಯವನು ಕನಿಕರದಿಂದ ನೋಡುತ್ತಿದ್ದ.

ಹುಚ್ಚಿಗೂ ಒಂದು ಕಾರಣವಿತ್ತು ಅನ್ನಿ. ನಮ್ಮ ನೇಕಾರರ ಬೀದಿಗೆ ನಲ್ಲಿ ಇರಲಿಲ್ಲ. ಚಿಕ್ಕಮ್ಮ ದೂರದ ಬೋರ್‌ವೆಲ್‌ನಿಂದ ಕೊಡ ಹೊತ್ತು ತಂದು ಸೊಂಟ ಹಿಡಿದುಕೊಂಡು ಕೂರುತ್ತಿದ್ದರು. ಕೇಳಿದರೆ ಪುರಸಭೆಯಲ್ಲಿ ದುಡ್ಡಿಲ್ಲ ಎಂಬ ಒಂದೇ ಮಂತ್ರ. "ದುಡ್ಡಿದೆ ಕಣೇ! ಪೊರಕೇಲಿ, ಬಲ್ಬಲ್ಲಿ ಸೋರಿ ಹೋಗ್ತಿದೆ!" ಎಂದು ಚಿಕ್ಕಪ್ಪ ನನ್ನ ಮೇಲೆ ಕೂಗಾಡುತ್ತಿದ್ದರು. ನಾನೇನು ಪುರಸಭೆಯ ಅಧ್ಯಕ್ಷೆಯೇ?

ಕೊನೆಗೆ ಹಳೇ ಬಿಲ್ಲುಗಳನ್ನೆಲ್ಲ ಕೆದಕಿ, ಯಾವ ತಿಂಗಳು ಯಾವ ಬೆಲೆಗೆ ಏನು ಕೊಂಡರೆಂದು ಚಿತ್ರ ಬರೆಯತೊಡಗಿದರು. ಅದಕ್ಕೆ ಚೌಕದ ಹಾಳೆ ಬೇಕಲ್ಲ? ನೇಕಾರರ ಮನೆಯಲ್ಲಿ ಅದಕ್ಕೇನು ಬರ! ಸೀರೆಯ ಅಂಚಿನ ಡಿಸೈನ್ ಬರೆಯುವ ಗ್ರಾಫ್ ಹಾಳೆಯನ್ನೇ ಎಳೆದುಕೊಂಡರು. ಬಲ್ಬಿಗೆ ಕೆಂಪು, ಬ್ಲೀಚಿಂಗ್ ಪೌಡರಿಗೆ ಹಸಿರು, ಪೊರಕೆಗೆ ಹಳದಿ. ವರ್ಷವಿಡೀ ಬೆಲೆ ತಣ್ಣಗಿದ್ದು, ಮಾರ್ಚ್ ಬಂತೋ, ಉಳಿದ ಅನುದಾನ ಮುಗಿಸುವ ಆತುರಕ್ಕೆ ಮೂರೂ ಬಣ್ಣ ಮುಗಿಲಿಗೆ ಹತ್ತುತ್ತಿದ್ದವು.

ಬರೆದು ಮುಗಿಸಿದ ಹಾಳೆ ಒಂದು ದಿನ ಮಾಯ! ಮತ್ತೆ ಬರೆಯೋಣವೆಂದರೆ ಬಿಲ್ಲುಗಳನ್ನು ಆಡಿಟ್‌ನವರು ಹೊತ್ತೊಯ್ದಿದ್ದರು. ಚಿಕ್ಕಪ್ಪ ಅನ್ನ ನೀರು ಬಿಟ್ಟು ಹುಡುಕಿದರು. ಪುರಸಭೆಯ ಸಭೆಯ ದಿನ ಬೆಳಗ್ಗೆ ಚಿಕ್ಕಮ್ಮ, ಅವರ ತಮ್ಮ ತನ್ನ ಮಗ್ಗದಲ್ಲೇ ನೇಯ್ದು ಕೊಟ್ಟ ಹೊಸ ಸೀರೆಯುಟ್ಟು ಬಂದರು. ಚಿಕ್ಕಪ್ಪ ಬಗ್ಗಿ ಅಂಚು ನೋಡಿ ಕಿರುಚಿದರು.

"ಲೇ, ಇದು ನನ್ನ ಬಲ್ಬು ಕಣೇ! ಇಲ್ನೋಡು, ಬ್ಲೀಚಿಂಗ್ ಪೌಡರ್!"

"ಥೂ, ಇದು ಗೋಪುರದ ಅಂಚು ಕಣ್ರೀ!"

ಹಿಂದೆಯೇ ಬಂದಿದ್ದ ತಮ್ಮ ಹಲ್ಲು ಗಿಂಜಿದ. "ನಿಮ್ಮ ಮೇಜಿನ ಮೇಲಿತ್ತು ಭಾವ. ಎಂಥಾ ಡಿಸೈನು ಅಂತೀರಾ!"

"ಹಾಳೆ ಎಲ್ಲೋ?"

"ಒಲೆಗೆ ಹಾಕ್ಬಿಟ್ಟೆ. ಇಟ್ಕೊಂಡ್ರೆ ಪಕ್ಕದ್ಮನೆಯೋರು ಕದೀತಾರಲ್ಲ!"

ಚಿಕ್ಕಮ್ಮ ಗೊಣಗುತ್ತಾ ಸೀರೆ ಬದಲಿಸಿ ಕೊಟ್ಟರು. ಚಿಕ್ಕಪ್ಪ ಅದನ್ನು ಸಭೆಯ ಮೇಜಿನ ಉದ್ದಕ್ಕೂ ಹಾಸಿದರು. ಇನ್ನೊಂದು ತುದಿ ಹಿಡಿಯಲು ನಾನು! ಕಾಲೇಜಿನ ಹುಡುಗಿ, ಮಾನ ಮೂರು ಕಾಸಿಗೆ ಹೋಯಿತೆಂದು ಕಣ್ಣು ಮುಚ್ಚಿಕೊಂಡೆ.

"ಯಾವ ದೇವಸ್ಥಾನದ ಗೋಪುರಾರೀ ಇದು?" ಎಂದರು ಅಧ್ಯಕ್ಷರು.

"ಮಾರ್ಚ್ ತಿಂಗಳು ಸಾರ್. ವರ್ಷ ವರ್ಷ ನಾವೇ ಕಟ್ತೀವಿ. ಒಳಗೆ ದೇವ್ರಿಲ್ಲ ಅಷ್ಟೆ. ವರ್ಷಕ್ಕೊಂದೇ ಟೆಂಡರ್ ಕರೆದು ಮೊದ್ಲೇ ತಗೊಂಡ್ರೆ, ಉಳಿದಿದ್ರಲ್ಲಿ ನಮ್ಮ ಬೀದಿಗೆ ಪೈಪ್ ಬರುತ್ತೆ ಸಾರ್." ಎಂದರು ಚಿಕ್ಕಪ್ಪ.

ಎಲ್ಲರೂ ಗೊಳ್ಳೆಂದು ನಕ್ಕರು. ಆದರೆ ಸದಸ್ಯೆಯೊಬ್ಬರು ಅಂಚು ಸವರುತ್ತಾ ಎದ್ದು ನಿಂತರು. "ನಾವು ಆಷಾಢದಲ್ಲಿ ಕಮ್ಮಿ ಬೆಲೆಗೆ ಸೀರೆ ತಗೊಳ್ಳಲ್ವಾ? ಪುರಸಭೆಗೇನು ಬಂದಿರೋದು ರೋಗ? ಅವ್ರು ಹೇಳ್ದಂಗೆ ಮಾಡ್ರಿ!" ಎಂದು ಗದರಿ, ಕುಳಿತ ಮೇಲೆ ನನ್ನ ಕಿವಿಯಲ್ಲಿ, "ಈ ಸೀರೆ ಎಲ್ಲಿ ಸಿಗುತ್ತಮ್ಮಾ?" ಎಂದರು.

ಮರುವರ್ಷ ನಲ್ಲಿ ಬಂತು. ಬೀದಿಯೆಲ್ಲ ಕೇಕೆ, ಕೊಡಗಳ ನೂಕಾಟ. ಚಿಕ್ಕಪ್ಪ ಮಾತ್ರ ಜಗಲಿಯ ಮೇಲೆ ಸಂಕೋಚದಿಂದ ಕೂತಿದ್ದರು. ಚಿಕ್ಕಮ್ಮ ಮೊದಲ ಕೊಡದಿಂದ ಒಂದು ಲೋಟ ಮೊಗೆದು ಅವರ ಕೈಗಿತ್ತು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತರು. ಆ ಹೆಂಗಸು ಗಂಡನೊಂದಿಗೆ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಇಷ್ಟು ವರ್ಷ ನಾನು ತಂದಿದ್ದು ಕುಡಿದ್ರಿ. ಇದು ನೀವು ತಂದಿದ್ದು. ಇನ್ನೊಂದು ಲೋಟ ಕುಡೀರಿ."