ಹದಿನಾಲ್ಕನೇ ಪುಟದ ಮಲ್ಲಪ್ಪ

ಬೆಳಗಿನ ಏಳು ಗಂಟೆಗೇ ರಾಮಲಕ್ಷ್ಮಮ್ಮನವರ ಮನೆಯ ಫೋನು ಮೂರನೇ ಸಲ ಬಡಿದುಕೊಂಡಿತು. ಲಿಂಗರಾಜಪುರದ ಆ ಮನೆಯ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದ ಶಿವಶರಣ ಆಗ ಹಲ್ಲುಜ್ಜುತ್ತಿದ್ದ.

"ಈ ಮಲ್ಲಪ್ಪ ಅನ್ನೋರು ಯಾರಪ್ಪಾ ಶಿವಶರಣ?" ಎಂದು ಅವರು ಕೆಳಗಿನಿಂದ ಕೂಗಿ ಕೇಳಿದರು.

"ನಮ್ಮಪ್ಪ ರೀ," ಎಂದು ಬಾಯಲ್ಲಿ ನೊರೆ ಇಟ್ಟುಕೊಂಡೇ ಹೇಳಿಬಿಟ್ಟ. ಅಲ್ಲಿಗೆ ಕೆಟ್ಟಿತು.

ಒಂದು ವಾರದಿಂದ ಆ ಫೋನಿಗೆ ಬಿಡುವೇ ಇರಲಿಲ್ಲ. ದಾವಣಗೆರೆಯಿಂದ ಯಾರೋ ಪಂಪ್‌ಸೆಟ್ಟಿನ ದರ ಕೇಳುತ್ತಿದ್ದರು. ಇನ್ಯಾರೋ ತಮಿಳಿನಲ್ಲಿ ಲಾಡ್ಜ್ ರೂಮು ಖಾಲಿ ಇದೆಯೇ ಎನ್ನುತ್ತಿದ್ದರು. ಮತ್ತೊಬ್ಬ ಹೆಂಗಸು ಹಿಂದಿಯಲ್ಲಿ ಮಗುವಿಗೆ ಸ್ಕೂಲ್ ಸೀಟು ಕೊಡಿ ಎಂದು ಅತ್ತೇಬಿಟ್ಟಳು. ಎಲ್ಲರಿಗೂ ಬೇಕಾಗಿದ್ದವನು ಮಲ್ಲಪ್ಪನೇ. ನಿಮ್ಮ ತಂದೆ ಏನು ವ್ಯಾಪಾರ ಮಾಡುತ್ತಾರೆ ಎಂದು ರಾಮಲಕ್ಷ್ಮಮ್ಮ ವಿಚಾರಣೆಗೇ ಇಳಿದರು. ಆಳಂದದಲ್ಲಿ ಶಾಲೆ ಮೇಷ್ಟ್ರಾಗಿದ್ದು ರಿಟೈರಾದರು, ಊರು ಬಿಟ್ಟು ಹೋದವರೇ ಅಲ್ಲ ಎಂದ ಶಿವಶರಣ.

"ಮೇಷ್ಟ್ರಿಗೆ ಪಂಪ್‌ಸೆಟ್ಟು ಅಂಗಡಿ ಯಾಕಪ್ಪಾ?"

"ನನಗೂ ತಿಳೀವಲ್ದು ರೀ ಅಮ್ಮಾ," ಎಂದ. ಆ ಮಾತಂತೂ ನಿಜವೇ ಆಗಿತ್ತು.

ಪಕ್ಕದ ಮನೆಯ ಮುನಿರಾಜಪ್ಪ ಕಾಂಪೌಂಡಿನ ಮೇಲೆ ಮೊಣಕೈ ಊರಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು. ರಿಟೈರಾದ ಮೇಲೂ ಬೀದಿಯ ಫೋನುಗಳೆಲ್ಲ ತಮ್ಮ ಸುಪರ್ದಿಗೇ ಸೇರಿದವು ಎಂದುಕೊಂಡಿದ್ದರು. ಇದರಲ್ಲಿ ಏನೋ ದೊಡ್ಡ ಮೋಸದ ಜಾಲ ಇದೆ, ನಾನು ವಿಚಾರಿಸುತ್ತೇನೆ ಎಂದು ತಲೆಯಾಡಿಸಿದರು. ರಾಮಲಕ್ಷ್ಮಮ್ಮನವರಿಗೆ ಅಷ್ಟೇ ಸಾಕಾಯಿತು. ಸಂಜೆಯೊಳಗೆ ಮಲ್ಲಪ್ಪನ ಕಾಟ ನಿಲ್ಲಬೇಕು, ಇಲ್ಲದಿದ್ದರೆ ರೂಮು ಖಾಲಿ ಮಾಡಬೇಕು ಎಂದು ತೀರ್ಪು ಕೊಟ್ಟರು.

ಎರಡು ವರ್ಷದಲ್ಲಿ ಇದು ಶಿವಶರಣನ ಐದನೇ ರೂಮು. ಮೊದಲಿನ ನಾಲ್ಕು ಓನರುಗಳು ಅವನು ಜೋಳದ ರೊಟ್ಟಿ ಬಡಿಯುವ ಸದ್ದು ತಡೆಯಲಾರದೆ ಹೊರಗೆ ಹಾಕಿದ್ದರು. ರಾಮಲಕ್ಷ್ಮಮ್ಮನವರಿಗೆ ಒಂದು ಕಿವಿ ಮಂದ. ಫೋನು ಕೇಳಿಸುವುದು ಇನ್ನೊಂದು ಕಿವಿಗೆ. ಬೆಂಗಳೂರಿನಲ್ಲಿ ಅಂಥ ಓನರು ಮತ್ತೆ ಸಿಗುವುದು ಕನಸಿನ ಮಾತು.

ಇಂದಿರಾನಗರದ ಆಫೀಸಿಗೆ ಹೋಗುತ್ತಲೇ ಬಾಸ್ ಸಿದ್ಧಲಿಂಗೇಶ, ಕೈಪಿಡಿಯನ್ನು ಇವತ್ತೇ ತಿದ್ದಿ ಮುಗಿಸಬೇಕು, ನಾಲ್ಕು ಗಂಟೆಗೆ ಎಲ್ಲ ಗಿರಾಕಿಗಳಿಗೂ ಮೇಲ್ ಹೋಗಬೇಕು ಎಂದ. ಅವರ ಕಂಪನಿಯ ಸರಕು ಕಣ್ಣಿಗೆ ಕಾಣುವಂಥದ್ದಲ್ಲ. ಮದುವೆ ಕಾರ್ಡಿನ ಪ್ರೆಸ್ಸಿನವರು ವಧೂವರರ ಹೆಸರಿನ ಜಾಗವನ್ನಷ್ಟೇ ಖಾಲಿ ಬಿಟ್ಟು ಮಿಕ್ಕಿದ್ದನ್ನು ಜೋಡಿಸಿಟ್ಟುಕೊಂಡಿರುತ್ತಾರಲ್ಲ, ಹಾಗೆ ವೆಬ್ ಪುಟಕ್ಕೊಂದು ಟೆಂಪ್ಲೇಟು ಮಾಡಿಟ್ಟರೆ ಹೆಸರು, ದರ, ವಿಳಾಸಗಳನ್ನು ತಾನಾಗಿಯೇ ತುಂಬಿಕೊಡುವ ಪ್ರೋಗ್ರಾಮು. ಊರೂರಿನ ಪ್ರೋಗ್ರಾಮರುಗಳು ಅದನ್ನು ಕೊಂಡು ಅಂಗಡಿ, ಲಾಡ್ಜ್, ಸ್ಕೂಲುಗಳಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದರು. ಅದನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವ ಕೆಲಸ ಶಿವಶರಣನ ಕೊರಳಿಗೆ ಬಿದ್ದಿತ್ತು.

ಹದಿನಾಲ್ಕನೇ ಪುಟ ತೆರೆದವನು ಹಾಗೇ ಕಲ್ಲಾಗಿ ಕೂತ. ಉದಾಹರಣೆ ಎಂದು ಅವನೇ ಬರೆದಿದ್ದ ಸಾಲು ಕಣ್ಣಿಗೆ ರಾಚುತ್ತಿತ್ತು. "ಸಂಪರ್ಕಿಸಿ: ಮಲ್ಲಪ್ಪ." ಪಕ್ಕದಲ್ಲಿ ರಾಮಲಕ್ಷ್ಮಮ್ಮನವರ ನಂಬರು.

ಮೊಬೈಲು ಇನ್ನೂ ಮ್ಯಾನೇಜರುಗಳ ಸೊಂಟದಲ್ಲಷ್ಟೇ ನೇತಾಡುತ್ತಿದ್ದ ಕಾಲ ಅದು. ರೂಮಿನ ಹುಡುಗರಿಗೆಲ್ಲ ಓನರ್ ಮನೆಯ ಫೋನೇ ಗತಿ. ಬ್ಯಾಂಕಿನ ಫಾರಂ ಇರಲಿ, ಗ್ಯಾಸಿನ ಅರ್ಜಿ ಇರಲಿ, ತಂದೆಯ ಹೆಸರು, ಫೋನ್ ನಂಬರು ಎಂದು ಕಂಡೊಡನೆ ಅವನ ಕೈ ತಾನಾಗಿ ಮಲ್ಲಪ್ಪ ಎಂದೂ ರಾಮಲಕ್ಷ್ಮಮ್ಮನವರ ನಂಬರನ್ನೂ ಬರೆದು ಮುಗಿಸುತ್ತಿತ್ತು. ಕೈಪಿಡಿಯಲ್ಲೂ ಅದೇ ಆಗಿತ್ತು. ಇಲ್ಲಿ ನಿಮ್ಮ ಹೆಸರು, ನಿಮ್ಮ ನಂಬರು ಹಾಕಿಕೊಳ್ಳಿ ಎಂಬ ಸೂಚನೆ ಇದ್ದದ್ದು ಹದಿನೈದನೇ ಪುಟದಲ್ಲಿ. ಅಲ್ಲಿಯವರೆಗೆ ಓದಿದ ಪ್ರೋಗ್ರಾಮರು ಇಡೀ ದೇಶದಲ್ಲಿ ಒಬ್ಬನೂ ಇದ್ದಂತಿರಲಿಲ್ಲ.

ಪಕ್ಕದ ಸೀಟಿನ ರಶ್ಮಿ ವಿಷಯ ಕೇಳಿ ಮೇಜಿಗೆ ತಲೆಯಿಟ್ಟು ನಕ್ಕಳು. ನಕ್ಕು ಸುಸ್ತಾದ ಮೇಲೆ, ನಂಬರಿನ ಜಾಗಕ್ಕೆ ಎಲ್ಲ ಸೊನ್ನೆ ಹಾಕು ಎಂದಳು. ಹಾಕಿದರೆ ಅವರದೇ ಪ್ರೋಗ್ರಾಮು ಇದು ಫೋನ್ ನಂಬರಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿತು. ಬಾಯಿಗೆ ಬಂದದ್ದು ಯಾವುದಾದರೂ ಹಾಕು ಎಂದಳು. ಆ ನಂಬರು ಇನ್ನೊಬ್ಬ ರಾಮಲಕ್ಷ್ಮಮ್ಮನದಾದರೆ, ಅವರ ಮಹಡಿಯಲ್ಲೂ ಒಬ್ಬ ಬಡಪಾಯಿ ರೊಟ್ಟಿ ಬಡಿಯುತ್ತಿದ್ದರೆ? ಶಿವಶರಣನಿಗೆ ಮನಸ್ಸು ಬರಲಿಲ್ಲ. ಆಗ ನೆನಪಾದವರು ಮುನಿರಾಜಪ್ಪ.

"ಖಾಲಿ ಬಿದ್ದಿರೋ ನಂಬರ ಯಾವುದರೆ ಅದ ಏನ್ರಿ? ಯಾರ ಮನೀಗೂ ಕೊಟ್ಟಿರಬಾರದು ನೋಡ್ರಿ," ಎಂದು ಆಫೀಸಿನ ಫೋನಿನಿಂದಲೇ ಪಿಸುಗುಟ್ಟಿದ.

ಮುನಿರಾಜಪ್ಪ ಯಾಕೆ ಏನು ಎಂದು ಕೇಳಲಿಲ್ಲ. ಎಕ್ಸ್‌ಚೇಂಜಿನಲ್ಲಿದ್ದ ಹಳೇ ಸ್ನೇಹಿತರನ್ನು ವಿಚಾರಿಸಿ ಅರ್ಧ ಗಂಟೆಯಲ್ಲಿ ಅವರೇ ಫೋನು ಮಾಡಿದರು. ಕೊನೆಯಲ್ಲಿ ಏಳು ಎಂಟು ಏಳು ಎಂಟು ಬರುವ ನಂಬರು, ಮರೀಬೇಕು ಅಂದ್ರೂ ಮರೆಯೋಕಾಗಲ್ಲ ಎಂದು ಹಿಗ್ಗಿದರು. ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಸಿದ್ಧಲಿಂಗೇಶ ಅತ್ತ ಬಂದದ್ದರಿಂದ ಶಿವಶರಣ ಫೋನು ಕುಕ್ಕಿಬಿಟ್ಟ.

ನಾಲ್ಕಕ್ಕೆ ಸರಿಯಾಗಿ ಆ ನಂಬರು ಹೊತ್ತ ಹೊಸ ಕೈಪಿಡಿ ಹೊರಟಿತು. ಜೊತೆಗಿನ ಮೇಲ್‌ನಲ್ಲಿ, ಹಳೇ ನಂಬರನ್ನು ಕೂಡಲೇ ತೆಗೆದು ಹದಿನಾಲ್ಕನೇ ಪುಟದಲ್ಲಿರುವಂತೆ ತಿದ್ದಿಕೊಳ್ಳಿ ಎಂದು ಶಿವಶರಣ ದಪ್ಪಕ್ಷರದಲ್ಲಿ ಬರೆದ. ಹದಿನೈದನೇ ಪುಟದ ಸೂಚನೆಯನ್ನು ಹದಿನಾಲ್ಕಕ್ಕೆ ತರಲು ಹೊತ್ತಿರಲಿಲ್ಲ. ಯಾರದೂ ಅಲ್ಲದ ನಂಬರು, ನಕಲು ಮಾಡಿಕೊಂಡರೆ ಮಾಡಿಕೊಳ್ಳಲಿ ಎಂದುಕೊಂಡ. ಗೆದ್ದ ಖುಷಿಯಲ್ಲಿ ಹಲಸೂರಿನಲ್ಲಿ ಬಸ್ಸಿಳಿದು ರಾಮಲಕ್ಷ್ಮಮ್ಮನವರಿಗೆಂದು ಅರ್ಧ ಕೇಜಿ ಮೈಸೂರ್‌ಪಾಕು ಕಟ್ಟಿಸಿಕೊಂಡ.

ಮನೆಗೆ ಬಂದರೆ ಫೋನು ತೆಪ್ಪಗೆ ಕೂತಿತ್ತು. ರಾಮಲಕ್ಷ್ಮಮ್ಮ ಮುನಿರಾಜಪ್ಪನವರಿಗೆ ಕಾಫಿ ಕೊಟ್ಟು ಕೂರಿಸಿಕೊಂಡಿದ್ದರು. ಇಬ್ಬರ ಮುಖದಲ್ಲೂ ಹಬ್ಬದ ಕಳೆ.

"ಮಧ್ಯಾಹ್ನದಿಂದ ಒಂದು ಫೋನೂ ಇಲ್ಲ ಕಣಪ್ಪಾ," ಎಂದರು ರಾಮಲಕ್ಷ್ಮಮ್ಮ. "ನೀನು ಇಲ್ಲೇ ಇರು. ಎಷ್ಟು ರೊಟ್ಟಿ ಬೇಕಾದ್ರೂ ಬಡ್ಕೋ."

ಮಧ್ಯಾಹ್ನದಿಂದ ಹೇಗಾಯಿತು, ಮೇಲ್ ಹೋಗಿದ್ದು ನಾಲ್ಕಕ್ಕಲ್ಲವೇ ಎಂದು ಶಿವಶರಣನಿಗೆ ಮತ್ತೆ ಗಲಿಬಿಲಿಯಾಯಿತು.

ಮುನಿರಾಜಪ್ಪ ಕಾಫಿ ಲೋಟ ಕೆಳಗಿಟ್ಟರು. "ಅಮ್ಮಾವ್ರ ನಂಬರೇ ಬದಲಾಯಿಸ್ಬಿಟ್ಟೆ ಶಿವಶರಣ. ಬೇರೆಯೋರಿಗಾದ್ರೆ ಆರು ತಿಂಗಳು ಅಲೀಬೇಕು. ಒಳ್ಳೆ ಐಡಿಯಾ ಕೊಟ್ಟೆ ನೀನು. ಖಾಲಿ ನಂಬರು ಕೇಳಿದಾಗಲೇ ಅಮ್ಮಾವ್ರಿಗೇ ಅಂತ ಗೊತ್ತಾಯ್ತು. ಅದನ್ನೇ ಹಾಕಿಸ್ದೆ."

ರಾಮಲಕ್ಷ್ಮಮ್ಮ ಚೀಟಿಯೊಂದನ್ನು ಅವನ ಕೈಗಿಟ್ಟರು. ಕೊನೆಯಲ್ಲಿ ಏಳು ಎಂಟು ಏಳು ಎಂಟು.

ಮುನಿರಾಜಪ್ಪನವರಿಗೆ ಫೋನು ಮಾಡಿದ ಮೇಲೆ ಕೈಪಿಡಿಯ ನಂಬರನ್ನು ಮುಟ್ಟದೆ ತೂಕಡಿಸಿದ್ದರೂ ಸಾಕಿತ್ತು, ಎಲ್ಲವೂ ತಾನಾಗಿ ಸರಿಹೋಗಿರುತ್ತಿತ್ತು. ಅದು ಹೊಳೆದು ಶಿವಶರಣನಿಗೆ ಅಳುವಂತಾಯಿತು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು.

"ಹೊಸ ನಂಬರಿಗೆ ಮೊದಲನೇ ಫೋನು," ಎಂದು ರಾಮಲಕ್ಷ್ಮಮ್ಮ ಸಡಗರಪಟ್ಟರು. "ನಿನ್ನಿಂದಲೇ ಆಗಿದ್ದು, ನೀನೇ ಎತ್ತಪ್ಪಾ."

ಶಿವಶರಣ ಎತ್ತಿದ. ದಾವಣಗೆರೆಯಿಂದ ಯಾರೋ ಮಲ್ಲಪ್ಪನವರಿದ್ದಾರಾ ಎಂದು ಕೇಳಿದರು. ಅವನು ನಿಧಾನವಾಗಿ ರಾಮಲಕ್ಷ್ಮಮ್ಮನವರಿಗೆ ಬೆನ್ನು ಮಾಡಿ, ಅವರ ಕೇಳಿಸುವ ಕಿವಿ ಯಾವ ಕಡೆಗಿದೆಯೆಂದು ಲೆಕ್ಕ ಹಾಕಿ, ರಿಸೀವರಿಗೆ ಕೈ ಅಡ್ಡ ಹಿಡಿದ.

"ಹೇಳ್ರಿ, ನಾ ಮಲ್ಲಪ್ಪನೇ ಮಾತಾಡೋದು. ಎಷ್ಟು ಎಚ್‌ಪಿ ಪಂಪ್‌ಸೆಟ್ಟು ಬೇಕಿತ್ರಿ?"